ಅಪರೂಪದ ಹೂಗಳ್ಳಿಗಳನ್ನು ಬೀಜದಿಂದ ಬೆಳೆಸುವುದು ಮತ್ತು ಗುರುತಿಸುವುದು: ಕೋಡಿಹಳ್ಳಿ ಹೋಬಳಿಯ ನಾಗರಿಕರಿಗೆ ಮಾಹಿತಿ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಿ ಮನೆಯಂಗಳ, ತಾರಸಿ ಅಥವಾ ನೆರಳು ಪರದೆ ಮನೆಯಲ್ಲಿ ಹೂಬಿಡುವ ಕಳ್ಳಿ ಗಿಡಗಳನ್ನು ಬೀಜದಿಂದ ಬೆಳೆಸಲು ಇಚ್ಛಿಸುವ, ಹಾಗೂ ಅದನ್ನೇ ಸಣ್ಣ ಸಸ್ಯಾಗಾರವಾಗಿ ನಡೆಸಲು ನೆರವು ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಈ ಕಸುಬಿಗೆ ಬಂಡವಾಳ ಕಡಿಮೆ, ಆದರೆ ಕಾಲಾವಧಿ ದೀರ್ಘ. ಬಿತ್ತಿದ ಬೀಜವು ಪೊಟ್ಟಣದ ಮೇಲೆ ಬರೆದಿರುವ ಜಾತಿಯದೇ ಎಂಬುದು ಬಹುತೇಕ ಸಂದರ್ಭಗಳಲ್ಲಿ ಗಿಡವು ಹೂಬಿಟ್ಟ ನಂತರವೇ ದೃಢಪಡುತ್ತದೆ. ಅದಕ್ಕೆ ಮೂರರಿಂದ ಆರು ವರ್ಷ, ಕೆಲವು ಜಾತಿಗಳಿಗೆ ಹತ್ತು ವರ್ಷವೂ ಬೇಕಾಗುತ್ತದೆ. ಅಲ್ಲಿಯವರೆಗೆ ಗಿಡದ ಹೆಸರಿಗೆ ಇರುವ ಆಧಾರವೆಂದರೆ ಕುಂಡದಲ್ಲಿ ನೆಟ್ಟ ಚೀಟಿ ಮತ್ತು ಬೆಳೆಗಾರರು ಇರಿಸಿಕೊಂಡ ವಹಿ ಮಾತ್ರ. ಹೆಸರು ತಪ್ಪಿದ ಗಿಡವನ್ನು ಅಪರೂಪದ್ದೆಂದು ಮಾರಿದಲ್ಲಿ ಕೊಂಡವರಿಗೆ ನಷ್ಟ. ಹೆಸರು ಸರಿಯಿದ್ದು ದಾಖಲೆ ಇಲ್ಲದಿದ್ದಲ್ಲಿ ಬೆಳೆಗಾರರಿಗೇ ತೊಂದರೆ. ಆದುದರಿಂದ ಬಿತ್ತುವ ವಿಧಾನದಷ್ಟೇ ಗಮನವನ್ನು ಗುರುತಿಸುವ ವಿಧಾನಕ್ಕೂ ಕೊಡತಕ್ಕದ್ದು.

ಕಳ್ಳಿ ಎಂಬ ಹೆಸರು

ಕನ್ನಡದಲ್ಲಿ ಮುಳ್ಳಿರುವ, ದಪ್ಪ ಕಾಂಡದ, ನೀರು ಕಡಿಮೆ ಬೇಡುವ ಗಿಡಗಳೆಲ್ಲವನ್ನೂ ಕಳ್ಳಿ ಎಂದೇ ಕರೆಯುವ ರೂಢಿಯಿದೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವು ಒಂದೇ ಕುಟುಂಬದವಲ್ಲ. ಕೋಡಿಹಳ್ಳಿ ಸುತ್ತಲಿನ ಬಂಡೆಗುಡ್ಡಗಳಲ್ಲಿ ಮತ್ತು ಹೊಲದ ಬೇಲಿಗಳಲ್ಲಿ ಕಾಣುವ, ಮುರಿದರೆ ಬಿಳಿ ಹಾಲು ಸುರಿಸುವ ಕಳ್ಳಿಗಳು ಯೂಫೋರ್ಬಿಯ ಜಾತಿಯವು. ನಾಲ್ಕು ಮೂಲೆಯ ಕಾಂಡದ ಮಂಗರವಳ್ಳಿ ದ್ರಾಕ್ಷಿಯ ಕುಟುಂಬಕ್ಕೆ ಸೇರಿದ್ದು. ನಿಜವಾದ ಕ್ಯಾಕ್ಟಸ್ ಕುಟುಂಬವು ಅಮೆರಿಕ ಖಂಡಗಳದು. ಆ ಕುಟುಂಬದ ಸುಮಾರು ಒಂದೂವರೆ ಸಾವಿರ ಪ್ರಭೇದಗಳಲ್ಲಿ ಒಂದೇ ಒಂದು, ಮರಗಳ ಮೇಲೆ ಜೋತುಬೀಳುವ ರಿಪ್ಸಾಲಿಸ್ ಬ್ಯಾಸಿಫೆರ ಎಂಬುದು, ಆಫ್ರಿಕ ಮತ್ತು ಶ್ರೀಲಂಕಾದ ಕಾಡುಗಳಲ್ಲಿಯೂ ತಾನಾಗಿ ಬೆಳೆಯುತ್ತದೆ. ಹಳ್ಳಿಗಳ ಬೇಲಿಯಲ್ಲಿರುವ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್ ಹೌದು, ಆದರೆ ಅದು ಹೊರಗಿನಿಂದ ಬಂದದ್ದು.

ಇವನ್ನು ಬೇರ್ಪಡಿಸಲು ಒಂದು ನಂಬಲರ್ಹ ಗುರುತಿದೆ. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ನೇರವಾಗಿ ಕಾಂಡದ ತೊಗಟೆಯಿಂದ ಹೊರಡುವುದಿಲ್ಲ. ಹತ್ತಿಯಂತೆ ಅಥವಾ ಮಖಮಲ್ಲಿನಂತೆ ಮೆತ್ತಗಿರುವ ಒಂದು ಸಣ್ಣ ದಿಂಬಿನಿಂದ ಗುಂಪಾಗಿ ಹೊರಡುತ್ತವೆ. ಇದನ್ನು ಅರಿಯೋಲ್ ಎನ್ನುತ್ತಾರೆ. ಈ ಲೇಖನದಲ್ಲಿ ಮುಳ್ಳುಗಣ್ಣು ಎಂದು ಕರೆಯಲಾಗಿದೆ. ಮುಳ್ಳೇ ಇಲ್ಲದ ಕ್ಯಾಕ್ಟಸ್‌ಗಳಲ್ಲಿಯೂ ಮುಳ್ಳುಗಣ್ಣು ಇರುತ್ತದೆ. ಯೂಫೋರ್ಬಿಯದಲ್ಲಿ ಅದು ಇರುವುದಿಲ್ಲ. ಮುಳ್ಳುಗಳು ಸಾಮಾನ್ಯವಾಗಿ ಜೋಡಿಯಾಗಿ ಏಣಿನ ಅಂಚಿನಿಂದಲೇ ಹೊರಡುತ್ತವೆ. ಹಾಲು ಬಂದರೆ ಯೂಫೋರ್ಬಿಯ, ನೀರು ಬಂದರೆ ಕ್ಯಾಕ್ಟಸ್ ಎಂಬ ಮಾತು ಹೆಚ್ಚಿನ ಮಟ್ಟಿಗೆ ಸರಿಯಾದರೂ ಪೂರ್ಣ ಸತ್ಯವಲ್ಲ. ಮ್ಯಾಮಿಲೇರಿಯ ಎಂಬ ಕ್ಯಾಕ್ಟಸ್ ಜಾತಿಯ ಹಲವು ಪ್ರಭೇದಗಳೂ ಹಾಲು ಸುರಿಸುತ್ತವೆ. ಪರೀಕ್ಷೆಗಾಗಿ ಗಿಡವನ್ನು ಚುಚ್ಚುವ ಅಗತ್ಯವೂ ಇಲ್ಲ. ಯೂಫೋರ್ಬಿಯದ ಹಾಲು ಕಣ್ಣಿಗೆ ತಗುಲಿದಲ್ಲಿ ತೀವ್ರ ಉರಿ ಮತ್ತು ದೃಷ್ಟಿಗೆ ಅಪಾಯ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ ಧಾರಾಳವಾಗಿ ನೀರಿನಿಂದ ಕಣ್ಣು ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಹೆಸರಿನ ಗೊಂದಲಕ್ಕೆ ಮನೆಮನೆಯ ಉದಾಹರಣೆ ಬ್ರಹ್ಮಕಮಲ. ಮಳೆಗಾಲದ ರಾತ್ರಿಗಳಲ್ಲಿ ಅರಳಿ, ಮನೆಯವರು ಎದ್ದು ಕುಳಿತು ನೋಡಿ ಪೂಜಿಸುವ ಬಿಳಿಯ ಪರಿಮಳದ ಹೂವು ಎಪಿಫಿಲಂ ಆಕ್ಸಿಪೆಟಾಲಂ ಎಂಬ ಕ್ಯಾಕ್ಟಸ್‌ನದು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಬಂದ ಗಿಡವಿದು. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲವು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಸಾಸ್ಸೂರಿಯ ಆಬ್ವಲ್ಲಾಟ. ಅದು ಕ್ಯಾಕ್ಟಸ್ ಅಲ್ಲ, ಕೋಡಿಹಳ್ಳಿಯ ಹವೆಯಲ್ಲಿ ಬೆಳೆಯುವುದೂ ಇಲ್ಲ. ಮನೆಯ ಬ್ರಹ್ಮಕಮಲದ ‘ಎಲೆ’ ಎಂದು ನೆಡುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡ. ಒಂದೇ ಗಿಡದ ತುಂಡುಗಳು ಕೈಯಿಂದ ಕೈಗೆ ಹರಡಿರುವುದರಿಂದ ಈ ಗಿಡಗಳು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ‘ಬ್ರಹ್ಮಕಮಲದ ಬೀಜ’ ಎಂದು ಮಾರಾಟಕ್ಕೆ ಬರುವ ಪೊಟ್ಟಣಗಳನ್ನು ಈ ಕಾರಣದಿಂದಲೇ ಸಂಶಯದಿಂದ ನೋಡುವುದು ಒಳಿತು.

ತಪ್ಪು ಗುರುತಿನ ಒಂದು ಹಳೆಯ ಪ್ರಸಂಗ

ಗುರುತಿಸುವಲ್ಲಿ ಆಗುವ ತಪ್ಪಿನ ಪರಿಣಾಮ ಎಷ್ಟು ದೂರ ಹೋಗಬಹುದೆಂಬುದಕ್ಕೆ ದಕ್ಷಿಣ ಭಾರತದಲ್ಲಿಯೇ ನಿದರ್ಶನವಿದೆ. 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕಿರಮಂಜಿ ಬಣ್ಣದ ವ್ಯಾಪಾರದಲ್ಲಿ ಸ್ಪೇನಿನವರ ಹಿಡಿತ ತಪ್ಪಿಸಲು ಬಯಸಿತ್ತು. ಆ ಬಣ್ಣವನ್ನು ಕೊಡುವುದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಹಿಟ್ಟುತಿಗಣೆ ಬಗೆಯ ಕೀಟ. ಮದರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಅವರು ಇದಕ್ಕಾಗಿ ಕಳ್ಳಿಯ ತೋಟವನ್ನೇ ಬೆಳೆಸಿದ್ದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬುವರು ಬ್ರೆಜಿಲ್‌ನಿಂದ ಕೀಟವನ್ನು ಕಲ್ಕತ್ತೆಗೆ ತಂದರು. ಬಂದದ್ದು ಬಣ್ಣದ ಕೀಟವೆಂದೇ ನಂಬಲಾಯಿತು; ವಾಸ್ತವದಲ್ಲಿ ಅದು ಕೀಳು ಬಣ್ಣ ಕೊಡುವ ಬೇರೆ ಪ್ರಭೇದ, ಡ್ಯಾಕ್ಟೈಲೋಪಿಯಸ್ ಸಿಲೋನಿಕಸ್. ಬಣ್ಣದ ಉದ್ಯಮ ಏಳಲಿಲ್ಲ. ಆ ಕೀಟವು ಮಾತ್ರ ಒಪನ್ಷಿಯ ಮೊನಕ್ಯಾಂತ ಎಂಬ ಪಾಪಾಸುಕಳ್ಳಿಯನ್ನು ದೊಡ್ಡ ಪ್ರಮಾಣದಲ್ಲಿ ತಿಂದುಹಾಕಿತು. ಕೀಟದಿಂದ ಕಳೆ ನಿಯಂತ್ರಣವಾದ ಮೊದಲ ದಾಖಲಿತ ಪ್ರಸಂಗಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಮತ್ತೊಂದು ಬಗೆಯ ಪಾಪಾಸುಕಳ್ಳಿ, ಒಪನ್ಷಿಯ ಡಿಲೇನಿಯೈ, ಆ ಕೀಟಕ್ಕೆ ಜಗ್ಗಲಿಲ್ಲ. ಅದರ ಹಾವಳಿ ತಗ್ಗಿಸಲು 1926ರಲ್ಲಿ ಶ್ರೀಲಂಕಾದಿಂದ ಡ್ಯಾಕ್ಟೈಲೋಪಿಯಸ್ ಒಪನ್ಷಿಯೇ ಎಂಬ ಬೇರೆ ಕೀಟವನ್ನು ತರಬೇಕಾಯಿತು. ನೋಡಲು ಒಂದೇ ತೆರನಾದ ಎರಡು ಗಿಡ, ಒಂದೇ ತೆರನಾದ ಎರಡು ಕೀಟ. ಯಾವುದಕ್ಕೆ ಯಾವುದು ಎಂಬ ಅರಿವಿಲ್ಲದೆ ನಿಯಂತ್ರಣ ಸಾಧ್ಯವಾಗಲಿಲ್ಲ. ಇಂದು ಬೀಜ ತರಿಸುವವರೂ ಪಾಪಾಸುಕಳ್ಳಿಯ ಜಾತಿಯನ್ನು ಆದಷ್ಟು ತರಿಸದಿರುವುದು, ತರಿಸಿದರೆ ತುಂಡುಗಳನ್ನು ಹೊಲದ ಬದುವಿಗೆ ಎಸೆಯದಿರುವುದು ಅವಶ್ಯ.

ಬೀಜ ಪಡೆಯುವುದು: ಕಾನೂನಿನ ಅಂಶಗಳು

ಅಪರೂಪ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಚಿನ್ನದ ಬಣ್ಣದ ಮುಳ್ಳಿನ ದುಂಡು ಕಳ್ಳಿ, ಅಂದರೆ ಎಕಿನೋಕ್ಯಾಕ್ಟಸ್ ಗ್ರೂಸೋನಿಯೈ, ಬೆಂಗಳೂರಿನ ಯಾವ ಸಸ್ಯಾಗಾರದಲ್ಲಿಯಾದರೂ ಸಿಗುತ್ತದೆ. ಆದರೆ ಅದರ ತವರಾದ ಮೆಕ್ಸಿಕೊದಲ್ಲಿ 1990ರ ದಶಕದ ಸಿಮಪಾನ್ ಅಣೆಕಟ್ಟೆಯ ನೀರಿನಲ್ಲಿ ಅದರ ನೆಲೆಯ ದೊಡ್ಡ ಭಾಗ ಮುಳುಗಿ, ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಮಾರುಕಟ್ಟೆಯಲ್ಲಿ ದುರ್ಲಭವೆನಿಸಿ ದುಬಾರಿಯಾದ ಬಣ್ಣಬಣ್ಣದ ತಳಿಗಳಲ್ಲಿ ಹಲವು ಸಸ್ಯಾಗಾರದಲ್ಲಿಯೇ ಹುಟ್ಟಿದ ಮಿಶ್ರತಳಿಗಳು. ಅವು ಕಾಡಿನಲ್ಲಿ ಇಲ್ಲವೇ ಇಲ್ಲ. 2015ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದಂತೆ ಕ್ಯಾಕ್ಟಸ್ ಪ್ರಭೇದಗಳ ಪೈಕಿ ಶೇ 31ರಷ್ಟು ಅಳಿವಿನ ಭೀತಿಯಲ್ಲಿವೆ. ಹವ್ಯಾಸಿಗಳಿಗಾಗಿ ಕಾಡಿನಿಂದ ಗಿಡ ಮತ್ತು ಬೀಜ ಕೀಳುವುದು ಇದಕ್ಕೆ ಒಂದು ಮುಖ್ಯ ಕಾರಣ. 2020ರಲ್ಲಿ ಇಟಲಿಯ ಪೊಲೀಸರು ಒಂದೇ ಮನೆಯಿಂದ ಸಾವಿರಕ್ಕೂ ಹೆಚ್ಚು ಕಳ್ಳಿಗಳನ್ನು ವಶಪಡಿಸಿಕೊಂಡರು. ಚಿಲಿಯ ಮರುಭೂಮಿಯಿಂದ ಕಿತ್ತು ತಂದಿದ್ದ ಕೋಪಿಯಾಪೋವ ಗಿಡಗಳೇ ಅವುಗಳಲ್ಲಿ ಹೆಚ್ಚು. ಅವುಗಳ ಪೈಕಿ 800ಕ್ಕೂ ಹೆಚ್ಚು ಗಿಡಗಳನ್ನು 2021ರಲ್ಲಿ ಚಿಲಿಗೆ ಹಿಂದಿರುಗಿಸಲಾಯಿತು. ಬೀಜದಿಂದ ಬೆಳೆಸಿದ ಗಿಡ ಮಾರುಕಟ್ಟೆಗೆ ಬಂದಷ್ಟೂ ಕಾಡಿನ ಗಿಡಕ್ಕೆ ಬೇಡಿಕೆ ಇಳಿಯುತ್ತದೆ.

ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಡಂಬಡಿಕೆಗೆ ಭಾರತವು 1976ರಲ್ಲಿ ಸೇರಿತು. ಕೆಲವೇ ಜಾತಿಗಳನ್ನು ಬಿಟ್ಟು ಇಡೀ ಕ್ಯಾಕ್ಟಸ್ ಕುಟುಂಬವು ಇದರ ಎರಡನೆಯ ಅನುಬಂಧದಲ್ಲಿದೆ. ಆಸ್ಟ್ರೋಫೈಟಂ ಆಸ್ಟೀರಿಯಾಸ್, ಏರಿಯೋಕಾರ್ಪಸ್, ಡಿಸ್ಕೋಕ್ಯಾಕ್ಟಸ್, ಟರ್ಬಿನಿಕಾರ್ಪಸ್, ಯೂಬಲ್ಮಾನಿಯ ಮುಂತಾದವು ಹೆಚ್ಚು ಬಿಗಿಯಾದ ಮೊದಲನೆಯ ಅನುಬಂಧದಲ್ಲಿವೆ. ಅರ್ಜಿದಾರರು ಸಾಮಾನ್ಯವಾಗಿ ತಪ್ಪಿ ತಿಳಿಯುವ ಅಂಶವೆಂದರೆ ಬೀಜದ ವಿಷಯ. ಎರಡನೆಯ ಅನುಬಂಧದ ಕ್ಯಾಕ್ಟಸ್‌ಗಳ ಬೀಜಕ್ಕೆ ಒಡಂಬಡಿಕೆಯ ವಿನಾಯಿತಿ ಇದೆ. ಆದರೆ ಮೆಕ್ಸಿಕೊದಿಂದ ರಫ್ತಾಗುವ ಬೀಜಕ್ಕೆ ಆ ವಿನಾಯಿತಿ ಇಲ್ಲ. ಮೊದಲನೆಯ ಅನುಬಂಧದ ಪ್ರಭೇದಗಳ ಬೀಜಕ್ಕೂ ವಿನಾಯಿತಿ ಇಲ್ಲ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ಕ್ಕೆ 2022ರಲ್ಲಿ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಸೈಟಿಸ್ ಪ್ರಭೇದಗಳನ್ನು ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಸೇರಿಸಿದೆ.

ಸೈಟಿಸ್ ವಿನಾಯಿತಿ ಇದ್ದ ಮಾತ್ರಕ್ಕೆ ಬೀಜವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು ಎಂದಾಗುವುದಿಲ್ಲ. ಬಿತ್ತನೆಗಾಗಿ ವಿದೇಶದಿಂದ ಬರುವ ಬೀಜವು ಸಸ್ಯ ಕ್ವಾರಂಟೈನ್ (ಭಾರತಕ್ಕೆ ಆಮದು ನಿಯಂತ್ರಣ) ಆದೇಶ, 2003ಕ್ಕೆ ಒಳಪಡುತ್ತದೆ. ಮುಂಚಿತವಾಗಿ ಪಡೆದ ಆಮದು ಪರವಾನಗಿ ಮತ್ತು ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇದು ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ಸಂಗ್ರಹಣಾ ನಿರ್ದೇಶನಾಲಯದ ವ್ಯಾಪ್ತಿಯ ವಿಷಯ. ತಾಲ್ಲೂಕು ಕಚೇರಿಗಳಲ್ಲಿ ಈ ಪರವಾನಗಿ ದೊರೆಯುವುದಿಲ್ಲ. ಹತ್ತಿಪ್ಪತ್ತು ಬೀಜಗಳಿಗಾಗಿ ಇಷ್ಟು ಓಡಾಟ ಏಕೆ ಎಂದು ಕೇಳುವವರಿದ್ದಾರೆ. ದೇಶದೊಳಗಿನ ಬೆಳೆಗಾರರಿಂದ, ತಾಯಿಗಿಡವನ್ನು ತೋರಿಸಬಲ್ಲವರಿಂದ, ರಸೀದಿ ಸಹಿತ ಬೀಜ ಪಡೆಯುವುದೇ ಅದಕ್ಕೆ ಸರಳ ಉತ್ತರ.

ಬೀಜ ಕೈಗೆ ಬಂದಾಗಲೇ ಒಂದು ಪ್ರಾಥಮಿಕ ಪರೀಕ್ಷೆ ಮಾಡಬಹುದು. ಆಸ್ಟ್ರೋಫೈಟಂ ಬೀಜವು ಹೊಳಪಾದ ಕಂದು ಬಣ್ಣದ್ದು, ಒಂದು ಬದಿ ಗುಳಿ ಬಿದ್ದು ಪುಟ್ಟ ಟೋಪಿಯಂತೆ ಕಾಣುತ್ತದೆ, ಕ್ಯಾಕ್ಟಸ್ ಬೀಜಗಳಲ್ಲಿ ದೊಡ್ಡದು. ಪರೋಡಿಯದ ಹಲವು ಪ್ರಭೇದಗಳ ಬೀಜ ನಶ್ಯದ ಪುಡಿಯಂತಿರುತ್ತದೆ. ಪಾಪಾಸುಕಳ್ಳಿಯ ಬೀಜ ಮಾಸಲು ಬಿಳಿ, ಚಪ್ಪಟೆ, ಮೂಳೆಯಂತೆ ಗಟ್ಟಿ. ಪೊಟ್ಟಣದ ಮೇಲೆ ನೀಲಿ ಅಥವಾ ಕಾಮನಬಿಲ್ಲಿನ ಬಣ್ಣದ ಕಳ್ಳಿಯ ಚಿತ್ರವಿದ್ದು ಒಳಗೆ ಸಾಸಿವೆಯಂತಹ ಬೀಜವಿದ್ದಲ್ಲಿ, ಅದನ್ನು ಬಿತ್ತಿ ಒಂದು ವರ್ಷ ಕಳೆಯುವ ಅಗತ್ಯವಿಲ್ಲ.

ಬಿತ್ತನೆ

ಕೋಡಿಹಳ್ಳಿಯ ಕೆಂಪು ಗರಸು ಮಣ್ಣು, ಬಂಡೆಯ ನೆಲ ಮತ್ತು ಒಣಹವೆ ಬೆಳೆದ ಕಳ್ಳಿಗೆ ಹಿತವಾದವು. ಆದರೆ ಮೊಳೆಯುವ ಬೀಜದ ಅಗತ್ಯಗಳು ಬೇರೆ: ಅದಕ್ಕೆ ತೇವ, ಬಿಸುಪು ಮತ್ತು ನೆರಳು ಬೇಕು. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚಿನ ಜಾತಿಗಳು ಮೊಳೆಯುತ್ತವೆ. 35 ಡಿಗ್ರಿ ದಾಟಿದರೆ ಮೊಳೆಯುವುದು ಕುಂಠಿತವಾಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತಿನಂತೆ, ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯವರೆಗಿನ ಅವಧಿ ಬಿತ್ತನೆಗೆ ಅತ್ಯಂತ ಸೂಕ್ತ. ಆಗ ಬಿತ್ತಿದ ಸಸಿಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಜೋರು ಮಳೆಯ ವೇಳೆಗೆ ಆರು ತಿಂಗಳು ತುಂಬಿ ಗಟ್ಟಿಯಾಗಿರುತ್ತವೆ.

ಮೊದಲ ಬಾರಿಗೆ ಬಿತ್ತುವವರು ದುಬಾರಿ ಬೀಜದಿಂದ ಆರಂಭಿಸಬಾರದು. ಮಾರುಕಟ್ಟೆಯಲ್ಲಿ ದೊರೆಯುವ ಡ್ರ್ಯಾಗನ್ ಹಣ್ಣು ಸಹ ಕ್ಯಾಕ್ಟಸ್‌ನದೇ. ಒಂದು ಹಣ್ಣಿನ ತಿರುಳನ್ನು ಬಟ್ಟೆಯಲ್ಲಿ ತೊಳೆದು ಬೀಜ ಒಣಗಿಸಿದರೆ ನೂರಾರು ಬೀಜಗಳು ಖರ್ಚಿಲ್ಲದೆ ದೊರೆಯುತ್ತವೆ, ವಾರದೊಳಗೆ ಮೊಳೆಯುತ್ತವೆ. ಅದರಲ್ಲಿ ಕೈ ಪಳಗಿದ ನಂತರ ಉಳಿದವನ್ನು ಬಿತ್ತಬಹುದು. ಡ್ರ್ಯಾಗನ್ ಹಣ್ಣಿನ ಸಸಿಗಳು ಮುಂದೆ ನಿಧಾನವಾಗಿ ಬೆಳೆಯುವ ಕಳ್ಳಿಗಳನ್ನು ಕಸಿ ಕಟ್ಟಲು ಬೇರುಗಿಡವಾಗಿಯೂ ಉಪಯೋಗಕ್ಕೆ ಬರುತ್ತವೆ. ಡ್ರ್ಯಾಗನ್ ಹಣ್ಣಿನ ಬೇಸಾಯದ ಬಗ್ಗೆ ವಿವರ ಬೇಕಾದವರಿಗೆ ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವು ಹತ್ತಿರದ ಸ್ಥಳ. ಈ ಬೆಳೆಗಾಗಿ ಉತ್ಕೃಷ್ಟತಾ ಕೇಂದ್ರವನ್ನು 2023ರಲ್ಲಿ ಅಲ್ಲಿಗೆ ಮಂಜೂರು ಮಾಡಲಾಗಿದೆ.

ಬಿತ್ತನೆಯ ಮಿಶ್ರಣಕ್ಕೆ ದೂಳು ತೆಗೆದು ತೊಳೆದ ಕಲ್ಲುಪುಡಿ ಎರಡು ಪಾಲು, ಜರಡಿ ಹಿಡಿದ ಇಟ್ಟಿಗೆ ಚೂರು ಒಂದು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು ಸಾಕು. ಹಸಿ ಕೊಟ್ಟಿಗೆ ಗೊಬ್ಬರ ಸೇರಿಸಕೂಡದು. ಮಿಶ್ರಣವನ್ನು ಒದ್ದೆ ಮಾಡಿ, ಇಡ್ಲಿ ಬೇಯಿಸುವಂತೆ ಹಬೆಯಲ್ಲಿ ಮುಕ್ಕಾಲು ಗಂಟೆ ಇಟ್ಟು ಆರಿಸಬೇಕು. ಈ ಹಂತವನ್ನು ಬಿಟ್ಟವರ ಸಸಿಗಳೇ ಹೆಚ್ಚಾಗಿ ಬೂಷ್ಟು ಹಿಡಿದು ಮಲಗುವುದು. ತೊಳೆದ ಸಣ್ಣ ಕುಂಡಗಳಿಗೆ ಮಿಶ್ರಣ ತುಂಬಿ, ಬೀಜವನ್ನು ಮೇಲೆ ಉದುರಿಸಬೇಕು, ಮಣ್ಣು ಮುಚ್ಚಬಾರದು. ಬಹುಪಾಲು ಕ್ಯಾಕ್ಟಸ್ ಬೀಜಗಳು ಮೊಳೆಯಲು ಬೆಳಕು ಬೇಕು. ಕುದಿಸಿ ಆರಿಸಿದ ನೀರನ್ನು ಕುಂಡದ ತಳದಿಂದ ಹೀರಿಸಿ, ಕುಂಡವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೇರ ಬಿಸಿಲು ತಾಗದ ಬೆಳಕಿನ ಜಾಗದಲ್ಲಿ ಇಡತಕ್ಕದ್ದು. ಬಿಸಿಲಿಗಿಟ್ಟ ಕಟ್ಟಿದ ಚೀಲದಲ್ಲಿ ಬೀಜ ಬೆಂದುಹೋಗುತ್ತದೆ.

ಆಸ್ಟ್ರೋಫೈಟಂ ಎರಡರಿಂದ ಐದು ದಿನಗಳಲ್ಲಿ, ಮ್ಯಾಮಿಲೇರಿಯ ಮತ್ತು ಜಿಮ್ನೋಕ್ಯಾಲಿಸಿಯಂ ಒಂದೆರಡು ವಾರಗಳಲ್ಲಿ, ಪರೋಡಿಯ ಮೂರು ವಾರಗಳಲ್ಲಿ ಮೊಳೆಯುತ್ತವೆ. ಒಂದು ಕುಂಡಕ್ಕೆ ಒಂದೇ ಪ್ರಭೇದ ಬಿತ್ತತಕ್ಕದ್ದು. ಜಾಗ ಉಳಿಸಲು ಒಂದೇ ತಟ್ಟೆಯಲ್ಲಿ ಗೆರೆ ಹಾಕಿ ಐದಾರು ಪ್ರಭೇದ ಬಿತ್ತುವುದುಂಟು. ನೀರು ಹಾಕಿದಾಗ ಬೀಜ ತೇಲಿ ಗೆರೆ ದಾಟುತ್ತದೆ. ನಂತರ ಯಾವುದು ಯಾವುದೆಂದು ಹೇಳುವವರಿಲ್ಲ.

ಮೊದಲ ವರ್ಷ

ಮೊಳೆತ ಸಸಿ ಹಸಿರು ಮಣಿಯಂತಿರುತ್ತದೆ. ದುಂಡು ಕಳ್ಳಿಗಳಲ್ಲಿ ಬೀಜದಳಗಳು ಎರಡು ಉಬ್ಬುಗಳಾಗಿ ಮಾತ್ರ ಕಾಣುತ್ತವೆ. ಅಗಲವಾದ ತೆಳು ಎಲೆಗಳು ಬಂದಲ್ಲಿ ಅದು ಕಳೆಯ ಬೀಜ, ಕಿತ್ತುಹಾಕಬಹುದು. ಎರಡು ತಿಂಗಳ ನಂತರ ಚೀಲದ ಬಾಯಿಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆರೆದು ಸಸಿಗಳನ್ನು ಹೊರಗಿನ ಗಾಳಿಗೆ ಒಗ್ಗಿಸಬೇಕು. ಕೆಂಪಗಾದರೆ ಬಿಸಿಲು ಹೆಚ್ಚಾಯಿತೆಂದೂ, ಉದ್ದಕ್ಕೆ ಎಳೆದುಕೊಂಡರೆ ಬೆಳಕು ಸಾಲದೆಂದೂ ತಿಳಿಯಬೇಕು. ಬಟಾಣಿ ಗಾತ್ರಕ್ಕೆ ಬಂದ ನಂತರ ಬಿಡಿಸಿ ನೆಡುವುದು ಸುರಕ್ಷಿತ.

ಕೀಟನಾಶಕದ ವಿಷಯದಲ್ಲಿ ಈ ಹೋಬಳಿಗೆ ವಿಶೇಷ ಎಚ್ಚರಿಕೆ ಅಗತ್ಯ. ಕಳ್ಳಿಯ ಬೇರು ಮತ್ತು ಮುಳ್ಳಿನ ಸಂದಿಯಲ್ಲಿ ಹಿಟ್ಟುತಿಗಣೆ ಸೇರುತ್ತದೆ. ಅದಕ್ಕೆಂದು ಸಿಂಪಡಿಸಿದ ಔಷಧಿ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ತೋಟದ ಮೇಲೆ ಬಿದ್ದಲ್ಲಿ, ಆ ಸೊಪ್ಪು ತಿಂದ ರೇಷ್ಮೆಹುಳು ಸಾಯುತ್ತದೆ. ರೇಷ್ಮೆ ಸಾಕುವ ಮನೆಗಳ ಸಮೀಪದಲ್ಲಿ ಸಿಂಪರಣೆ ಮಾಡಲೇಬಾರದು. ಕೆಲವೇ ಗಿಡಗಳಿದ್ದಲ್ಲಿ ಸ್ಪಿರಿಟ್‌ನಲ್ಲಿ ಅದ್ದಿದ ಬ್ರಷ್‌ನಿಂದ ತಿಗಣೆಯನ್ನು ಒರೆಸಿ ತೆಗೆಯುವುದೇ ಸಾಕು.

ಹೂವಿನಿಂದ ಗುರುತಿಸುವುದು

ಮುಳ್ಳಿನ ಸಂಖ್ಯೆ, ಬಣ್ಣ, ಏಣುಗಳ ಎಣಿಕೆ ಇವು ವಯಸ್ಸಿನೊಂದಿಗೆ ಬದಲಾಗುತ್ತವೆ. ಎರಡು ವರ್ಷದ ಸಸಿಯ ಮುಳ್ಳು ನೋಡಿ ಪ್ರಭೇದ ಹೇಳುವವರ ಮಾತನ್ನು ಪೂರ್ಣವಾಗಿ ನಂಬಲಾಗದು. ಹೂವು ಬದಲಾಗುವುದಿಲ್ಲ. ಹೂವು ಗಿಡದ ಯಾವ ಭಾಗದಿಂದ ಹೊರಟಿದೆ, ಹೂವಿನ ನಾಳದ ಹೊರಮೈ ಹೇಗಿದೆ, ಯಾವ ವೇಳೆಗೆ ಅರಳುತ್ತದೆ, ಈ ಮೂರನ್ನು ಮೊದಲು ಬರೆದುಕೊಳ್ಳಬೇಕು; ಬಣ್ಣ ನಂತರದ್ದು.

ಮ್ಯಾಮಿಲೇರಿಯದಲ್ಲಿ ಹೂಗಳು ಮುಳ್ಳುಗಣ್ಣಿನಿಂದ ಬರುವುದಿಲ್ಲ; ಗುಬುಟುಗಳ ನಡುವಿನ ಸಂದಿಯಿಂದ, ಗಿಡದ ತಲೆಯ ಸುತ್ತ ಬಳೆಯಂತೆ ಬರುತ್ತವೆ. ಅನಂತರ ಅದೇ ಸಾಲಿನಲ್ಲಿ ಪುಟ್ಟ ಕೆಂಪು ಮೆಣಸಿನಕಾಯಿಯಂತಹ ಕಾಯಿಗಳು ಕಾಣಿಸಿಕೊಳ್ಳುತ್ತವೆ. ಮೂರ್ನಾಲ್ಕು ವರ್ಷಗಳಲ್ಲಿ ಹೂಬಿಡುವುದರಿಂದ ಆರಂಭಿಕರಿಗೆ ಇದು ಉತ್ತಮ. ಜಿಮ್ನೋಕ್ಯಾಲಿಸಿಯಂನ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಬೆತ್ತಲೆ ಪುಷ್ಪಪಾತ್ರೆ ಎಂಬ ಅರ್ಥವಿದೆ. ಹೂವಿನ ನಾಳ ಮತ್ತು ಮೊಗ್ಗಿನ ಮೇಲೆ ನುಣುಪಾದ ಹೊರಪೊರೆಗಳು ಮಾತ್ರ ಇರುತ್ತವೆ. ಕೂದಲೂ ಇಲ್ಲ, ಮುಳ್ಳೂ ಇಲ್ಲ. ಬೇರಾವ ಲಕ್ಷಣ ತಿಳಿಯದಿದ್ದರೂ ಈ ಒಂದರಿಂದ ಜಾತಿಯನ್ನು ಹಿಡಿಯಬಹುದು. ಎಕಿನಾಪ್ಸಿಸ್‌ನಲ್ಲಿ ಇದಕ್ಕೆ ವಿರುದ್ಧ: ಗೇಣುದ್ದದ ನಾಳದ ತುಂಬ ಕೂದಲಿರುತ್ತದೆ, ಹಲವು ಪ್ರಭೇದಗಳಲ್ಲಿ ಬಿಳಿಯ ಹೂವು ರಾತ್ರಿ ಅರಳಿ ಮರುದಿನ ಬಾಡುತ್ತದೆ. ಪರೋಡಿಯ ಗುಂಪಿನ ಅನೇಕ ಪ್ರಭೇದಗಳಲ್ಲಿ ಹಳದಿ ಹೂವಿನ ನಡುವೆ ಕೆಂಪು ಅಥವಾ ನೇರಳೆ ಬಣ್ಣದ ಶಲಾಕಾಗ್ರ ಎದ್ದು ಕಾಣುತ್ತದೆ. ರೆಬೂಷಿಯ ಗಿಡದ ಬುಡದ ಸುತ್ತ ಹೂಬಿಡುತ್ತದೆ. ಇದು ಚಳಿ ಬಯಸುವ ಬೆಟ್ಟದ ಗಿಡವಾದ್ದರಿಂದ ಕೋಡಿಹಳ್ಳಿಯಲ್ಲಿ ನಿರೀಕ್ಷಿತ ಫಲ ಕೊಡದು.

ಆಸ್ಟ್ರೋಫೈಟಂ ಆಸ್ಟೀರಿಯಾಸ್ ಹೆಚ್ಚು ಬೇಡಿಕೆಯ ಮತ್ತು ಹೆಚ್ಚು ಮೋಸದ ಗಿಡ. ಶುದ್ಧ ಪ್ರಭೇದಕ್ಕೆ ಮುಳ್ಳಿಲ್ಲ, ಸಾಮಾನ್ಯವಾಗಿ ಎಂಟು ಚಪ್ಪಟೆ ಏಣು, ಏಣಿನ ನಡುವೆ ಸಾಲಾಗಿ ಉಣ್ಣೆಯ ಮುಳ್ಳುಗಣ್ಣು, ಹಳದಿ ಹೂವಿನ ನಡುವೆ ಕೆಂಪು. ಅದೇ ಜಾತಿಯ ಮಿರಿಯೋಸ್ಟಿಗ್ಮಕ್ಕೆ ಸಾಮಾನ್ಯವಾಗಿ ಐದು ಚೂಪಾದ ಏಣು. ಕ್ಯಾಪ್ರಿಕಾರ್ನೆಗೆ ತಿರುಚಿದ ಉದ್ದ ಮುಳ್ಳು. ಈ ಮೂರೂ ಪರಸ್ಪರ ಸುಲಭವಾಗಿ ಬೆರೆಯುತ್ತವೆ. ಆಸ್ಟೀರಿಯಾಸ್ ಎಂದು ಬಿತ್ತಿದ ಸಸಿಗೆ ಮೂರನೆಯ ವರ್ಷದಲ್ಲಿ ಮುಳ್ಳು ಮೂಡಿದರೆ ಅಥವಾ ಏಣು ಚೂಪಾಗಿ ಎದ್ದರೆ ಅದು ಮಿಶ್ರತಳಿ. ಅದನ್ನು ಮಾರಬಾರದೆಂದಿಲ್ಲ; ಮಿಶ್ರತಳಿ ಎಂದೇ ಬರೆದು ಮಾರತಕ್ಕದ್ದು.

ಈ ಹೋಬಳಿಯ ಬೆಚ್ಚನೆಯ ಹವೆಗೆ ಮೆಲೋಕ್ಯಾಕ್ಟಸ್ ಚೆನ್ನಾಗಿ ಹೊಂದುತ್ತದೆ. ಮೊದಲ ವರ್ಷಗಳಲ್ಲಿ ಅದು ಸಾಧಾರಣ ದುಂಡು ಕಳ್ಳಿಯಂತೆಯೇ ಇದ್ದು, ವಯಸ್ಸಿಗೆ ಬಂದಾಗ ತಲೆಯ ಮೇಲೆ ಉಣ್ಣೆ ಮತ್ತು ಬಿರುಗೂದಲಿನ ಟೊಪ್ಪಿಗೆ ಮೂಡುತ್ತದೆ. ಆಮೇಲೆ ಹಸಿರು ಭಾಗ ಬಹುತೇಕ ಬೆಳೆಯುವುದಿಲ್ಲ, ಟೊಪ್ಪಿಗೆ ಮಾತ್ರ ಎತ್ತರವಾಗುತ್ತ ಹೋಗುತ್ತದೆ. ಸಣ್ಣ ಗುಲಾಬಿ ಹೂಗಳು ಮಧ್ಯಾಹ್ನದ ಮೇಲೆ ಟೊಪ್ಪಿಗೆಯಿಂದ ಇಣುಕುತ್ತವೆ. ಟೊಪ್ಪಿಗೆ ಮೂಡದೆ ಪ್ರಭೇದ ಹೇಳುವುದು ತಜ್ಞರಿಗೂ ಕಷ್ಟ. ಇದೇ ರೀತಿ ಟೊಪ್ಪಿಗೆ ಬರುವ ಡಿಸ್ಕೋಕ್ಯಾಕ್ಟಸ್‌ನ ಹೂವು ದೊಡ್ಡದು, ಬಿಳಿ, ಪರಿಮಳದ್ದು, ರಾತ್ರಿ ಅರಳುವಂತಹದು. ಆದ್ದರಿ೦ದ ಹೂಬಿಟ್ಟ ಮೇಲೆ ಗೊಂದಲಕ್ಕೆ ಆಸ್ಪದವಿಲ್ಲ.

ಸ್ವಂತ ಬೀಜ ಪಡೆಯುವುದು

ಮೆಲೋಕ್ಯಾಕ್ಟಸ್‌ನ ಬಹುಪಾಲು ಪ್ರಭೇದಗಳು ಒಂಟಿ ಗಿಡದಲ್ಲಿಯೇ ಬೀಜ ಕಟ್ಟುತ್ತವೆ. ಆಸ್ಟ್ರೋಫೈಟಂ ಮತ್ತು ಹೆಚ್ಚಿನ ಎಕಿನಾಪ್ಸಿಸ್‌ಗಳಿಗೆ ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡು ಗಿಡಗಳು ಒಟ್ಟಿಗೆ ಹೂಬಿಡಬೇಕು. ಒಂದೇ ಗಿಡದಿಂದ ಬಿಡಿಸಿದ ಎರಡು ಮರಿಗಳಿದ್ದರೆ ಪ್ರಯೋಜನವಿಲ್ಲ. ಜೇನುನೊಣ ಯಾವ ಹೂವಿನಿಂದ ಬಂದಿತೆಂಬುದು ತಿಳಿಯದ ಕಾರಣ, ಹೂ ಬಿರಿಯುವ ಮುನ್ನವೇ ಗಿಡಗಳಿಗೆ ಬಲೆ ಹೊದಿಸತಕ್ಕದ್ದು. ರೇಷ್ಮೆ ಮನೆಗಳ ಕಿಟಕಿಗೆ ಊಜಿ ನೊಣ ಬರದಂತೆ ಹಾಕುವ ನೈಲಾನ್ ಬಲೆಯ ಉಳಿಕೆ ತುಂಡುಗಳೇ ಇದಕ್ಕೆ ಸಾಕಾಗುತ್ತವೆ. ಬಲೆಯೊಳಗೆ ಮೆತ್ತನೆಯ ಬ್ರಷ್‌ನಿಂದ ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಮುಟ್ಟಿಸಿ, ಆ ಹೂವಿನ ಬುಡಕ್ಕೆ ಬಣ್ಣದ ದಾರ ಕಟ್ಟಿ, ದಿನಾಂಕ ಬರೆಯಬೇಕು. ದಾರವಿಲ್ಲದ ಕಾಯಿಯ ಬೀಜವನ್ನು ಪ್ರಭೇದದ ಹೆಸರಿನಲ್ಲಿ ಕೊಡಕೂಡದು.

ಚೀಟಿ ಮತ್ತು ದಾಸ್ತಾನು ವಹಿ

ಮಾರ್ಕರ್ ಪೆನ್ನಿನ ಬರಹ ಈ ಭಾಗದ ಬಿಸಿಲಿಗೆ ಒಂದು ವರ್ಷವೂ ಉಳಿಯುವುದಿಲ್ಲ. ಪ್ಲಾಸ್ಟಿಕ್ ಚೀಟಿಯ ಮೇಲೆ ಸೀಸದ ಕಡ್ಡಿಯಿಂದ ಬರೆದದ್ದು ಹೆಚ್ಚು ಕಾಲ ಉಳಿಯುತ್ತದೆ. ಚೀಟಿಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಬರೆದು, ಹೆಸರನ್ನು ವಹಿಯಲ್ಲಿ ಇಡುವುದು ಮೇಲು. ಚೀಟಿಯನ್ನು ಹಕ್ಕಿ ಅಥವಾ ಮಕ್ಕಳು ಕಿತ್ತರೂ ಕುಂಡದ ಹೊರಮೈಯಲ್ಲಿ ಅದೇ ಸಂಖ್ಯೆ ಕೆತ್ತಿದ್ದಲ್ಲಿ ನಷ್ಟವಿಲ್ಲ. ವಹಿಯಲ್ಲಿ ಬೀಜ ಬಂದ ಮೂಲ, ರಸೀದಿ ಸಂಖ್ಯೆ, ಬಿತ್ತಿದ ದಿನ, ಬಿತ್ತಿದ ಮತ್ತು ಮೊಳೆತ ಬೀಜಗಳ ಎಣಿಕೆ, ಬಿಡಿಸಿ ನೆಟ್ಟ ದಿನ, ಮೊದಲ ಹೂವಿನ ದಿನ ಮತ್ತು ಲಕ್ಷಣ, ಮಾರಾಟ ಅಥವಾ ಸತ್ತ ವಿವರ ಇರತಕ್ಕದ್ದು. ಹೂವು ನೋಡಿದ ಮೇಲೆ ಹೆಸರು ತಪ್ಪೆಂದು ಕಂಡಲ್ಲಿ ಹಳೆಯ ಹೆಸರನ್ನು ಅಳಿಸದೆ, ಅದಕ್ಕೆ ಅಡ್ಡಗೆರೆ ಎಳೆದು ಹೊಸದನ್ನು ಪಕ್ಕದಲ್ಲಿ ಬರೆಯಬೇಕು. ಅದೇ ಸಂಖ್ಯೆಯ ಗಿಡಗಳನ್ನು ಈಗಾಗಲೇ ಕೊಂಡವರಿಗೆ ತಿಳಿಸಲು ಆಗ ಸಾಧ್ಯವಾಗುತ್ತದೆ.

ಕಾವೇರಿ ವನ್ಯಜೀವಿ ಧಾಮವು ಹೋಬಳಿಗೆ ಸಮೀಪದಲ್ಲಿದೆ. ಅಲ್ಲಿನ ಗುಡ್ಡಗಳಿಂದ ಹಾಲುಗಳ್ಳಿ ಅಥವಾ ಇತರ ರಸಭರಿತ ಗಿಡಗಳನ್ನು ಕಿತ್ತು ತಂದು ‘ಸ್ಥಳೀಯ ಕ್ಯಾಕ್ಟಸ್’ ಎಂದು ಮಾರುವುದು ಅಪರಾಧವೂ ಹೌದು, ತಪ್ಪು ಹೆಸರೂ ಹೌದು.

ನೆರವು ಮತ್ತು ಅರ್ಜಿ

ನೆರಳು ಪರದೆ ಮನೆ ನಿರ್ಮಾಣಕ್ಕೆ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿಯಲ್ಲಿ ನಿಗದಿತ ವೆಚ್ಚದ ಮಾನದಂಡದ ಶೇ 50ರಷ್ಟು ಸಹಾಯಧನಕ್ಕೆ ಅವಕಾಶವಿದೆ. ಮಾನದಂಡ ಮತ್ತು ವಿಸ್ತೀರ್ಣದ ಮಿತಿ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಆಯಾ ಸಾಲಿನ ಮಾರ್ಗಸೂಚಿಯನ್ನು ಕನಕಪುರದ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಸಾಮಾನ್ಯವಾಗಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಮತ್ತು ಫ್ರೂಟ್ಸ್ ನೋಂದಣಿ ಸಂಖ್ಯೆ ಕೇಳಲಾಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಅರ್ಜಿದಾರರು ಜಾತಿ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಗುತ್ತದೆ. ಮಂಜೂರಾತಿಗೆ ಮುನ್ನ ಕಟ್ಟಿದ ಮನೆಗೆ ಸಹಾಯಧನ ದೊರೆಯುವುದೆಂದು ಭಾವಿಸಿ ಕೆಲಸ ಆರಂಭಿಸಬಾರದು. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಗಿದ್ದು, ಹಳೆಯ ದಾಖಲೆಗಳಲ್ಲಿ ಹಿಂದಿನ ಹೆಸರು ಇರುವವರು ಅರ್ಜಿಯ ವೇಳೆ ಅದನ್ನು ಗಮನಕ್ಕೆ ತರುವುದು.

ಹೂಬಿಟ್ಟ ಗಿಡದ ಗುರುತಿನಲ್ಲಿ ಸಂಶಯವಿದ್ದವರು ಗಿಡವನ್ನು ಹೊತ್ತು ತರುವ ಅಗತ್ಯವಿಲ್ಲ. ಇಡೀ ಗಿಡ, ಮುಳ್ಳುಗಣ್ಣಿನ ಸಮೀಪದ ನೋಟ, ಮೇಲಿನಿಂದ ಹೂವು, ಪಕ್ಕದಿಂದ ಹೂವಿನ ನಾಳ, ಉದ್ದಕ್ಕೆ ಸೀಳಿದ ಒಂದು ಹೂವು, ಹೀಗೆ ಐದು ಛಾಯಾಚಿತ್ರಗಳನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದು, ವಹಿಯ ಆ ಪುಟದ ಪ್ರತಿಯೊಂದಿಗೆ ತೋರಿಸಿದಲ್ಲಿ ತಜ್ಞರಿಗೆ ಹೇಳಲು ಅನುಕೂಲವಾಗುತ್ತದೆ. ಒಂದೇ ದಿನ ಅರಳಿ ಬಾಡುವ ಹೂಗಳಿಗೆ ಛಾಯಾಚಿತ್ರವನ್ನು ಅಂದೇ ತೆಗೆಯತಕ್ಕದ್ದು. ಮುಂದಿನ ಹೂವಿಗೆ ಒಂದು ವರ್ಷ ಕಾಯಬೇಕಾಗಬಹುದು.